ಹದಿನಾಲ್ಕು ಸೆಕೆಂಡಿನ ಮೆಮೊ

೧೯೬೬ರಲ್ಲಿ ನಾನು ವಡೋದರಾದ ಒಂದು ಟ್ರಂಕ್ ಎಕ್ಸ್‌ಚೇಂಜಿನಲ್ಲಿ ಹಗಲು ಪಾಳಿಯ ಸೂಪರ್‌ವೈಸರ್ ಆಗಿದ್ದೆ. ಊರನ್ನು ಆಗ ನಾವೆಲ್ಲ ಬರೋಡಾ ಎಂದೇ ಅನ್ನುತ್ತಿದ್ದೆವು. ನಾನು ಧಾರವಾಡದವಳು. ವಿಮಾ ಕಚೇರಿಯಲ್ಲಿದ್ದ ನಮ್ಮ ಯಜಮಾನರಿಗೆ ಅಲ್ಲಿಗೆ ವರ್ಗವಾದಾಗ ನಾನೂ ಹುಬ್ಬಳ್ಳಿಯಿಂದ ವರ್ಗ ಕೇಳಿಕೊಂಡು ಹೋಗಿದ್ದೆ.

ಟ್ರಂಕ್ ಕಾಲ್ ಎಂದರೇನು ಎಂದು ಈಗಿನವರಿಗೆ ಹೇಳಲೇಬೇಕು. ಪರವೂರಿಗೆ ಮಾತಾಡಬೇಕಾದವರು ಮೊದಲು ನಮಗೆ ಫೋನ್ ಮಾಡಿ ನಂಬರ್ ಬರೆಸುತ್ತಿದ್ದರು. ಆಪರೇಟರ್ ಅದನ್ನು ಟಿಕೆಟ್ ಎಂಬ ಚೀಟಿಯಲ್ಲಿ ಬರೆದುಕೊಂಡು, ಅಹಮದಾಬಾದಿನದೋ ಸೂರತ್ತಿನದೋ ಲೈನು ಖಾಲಿಯಾದಾಗ ಬೋರ್ಡಿಗೆ ಪ್ಲಗ್ ಚುಚ್ಚಿ ಎರಡೂ ಕಡೆಯವರನ್ನು ಕೂಡಿಸಬೇಕು. ಕಿವಿಗೆ ರಿಸೀವರ್, ಎದೆಯ ಮೇಲೆ ಕಹಳೆಯಂಥ ಮೈಕು. ಆ ಮೈಕಿನ ಭಾರವನ್ನೆಲ್ಲ ಹೊರುವುದು ಕತ್ತಿಗೆ ಹಾಕಿಕೊಳ್ಳುವ ಒಂದು ಪಟ್ಟಿ. ಬೋರ್ಡಿನ ದೀಪ ಹೊತ್ತಿದ ಐದು ಸೆಕೆಂಡಿನೊಳಗೆ ಉತ್ತರ ಕೊಡಬೇಕೆಂಬುದು ನಮ್ಮ ಕೋಣೆಯ ನಿಯಮ. ಸೂಪರ್‌ವೈಸರ್ ಆದವಳು ತನ್ನ ಮೇಜಿನಿಂದಲೇ ಯಾವ ಲೈನನ್ನಾದರೂ ಕೇಳಬಹುದು. ನನ್ನ ಕೈಯಲ್ಲಿ ಒಂದು ಸ್ಟಾಪ್‌ವಾಚ್ ಇರುತ್ತಿತ್ತು, ಮುಂದೆ ಒಂದು ರಿಜಿಸ್ಟರ್. ಆ ಗಡಿಯಾರದ ಬಗ್ಗೆ ನನಗಿದ್ದ ಜಂಬ ಅಷ್ಟಿಷ್ಟಲ್ಲ.

ಸುಲೋಚನಾ ಗದಗದ ಹುಡುಗಿ. ವಯಸ್ಸು ಇಪ್ಪತ್ತೊಂಬತ್ತು. ಗಂಡ ಗುರುರಾಜ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಕ್ಲರ್ಕ್. ಐದು ವರ್ಷದ ಮಗಳು ನೆರೆಹೊರೆಯಲ್ಲಿ ಆಡಿ ಆಡಿ ಮನೆಯೊಳಗೂ ಗುಜರಾತಿಯನ್ನೇ ಮಾತಾಡುತ್ತಿದ್ದಳು. ಸುಲೋಚನಾಳ ದನಿ ತೆಳ್ಳಗೆ, ಸ್ವಚ್ಛ. "ಸೂರತ್ ಲೈನ್ ಸಿಕ್ಕಿದೆ, ಮಾತಾಡಿ" ಎಂದು ಅವಳು ಹಿಂದಿಯಲ್ಲಿ ಹೇಳಿದರೆ ಗಂಟೆಗಟ್ಟಲೆ ಕಾದು ಸಿಟ್ಟಾದ ಬಟ್ಟೆ ವ್ಯಾಪಾರಿಗಳೂ ಮೆತ್ತಗಾಗುತ್ತಿದ್ದರು. ಕೋಣೆಯಲ್ಲಿ ನಾವಿಬ್ಬರೇ ಕನ್ನಡದವರು. ಊಟದ ಹೊತ್ತಿಗೆ ಅವಳ ಡಬ್ಬಿಯ ಶೇಂಗಾ ಚಟ್ನಿ ನನ್ನ ಡಬ್ಬಿಗೆ ಬರುತ್ತಿತ್ತು.

ಆ ವರ್ಷ ಹೋಳಿ ಮುಗಿಯುವ ಹೊತ್ತಿಗೆ ಅವಳು ನಿಧಾನವಾಗತೊಡಗಿದಳು. ದೀಪ ಹೊತ್ತಿದರೂ ಕೈ ಏಳದು. ಬರೆದ ನಂಬರನ್ನೇ ಮತ್ತೆ ಕೇಳುವಳು. ಮುಖ ಊದಿತು, ಮೈ ತುಂಬಿತು. ಮೇ ತಿಂಗಳ ಬರೋಡಾದಲ್ಲಿ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಅಂಥದರಲ್ಲಿ ಇವಳು ಶಾಲು ಹೊದ್ದು ಕೂತು "ಫ್ಯಾನ್ ಬಂದ್ ಮಾಡ್ರಿ" ಎಂದರೆ ಉಳಿದ ಏಳು ಜನ ನಕ್ಕರು. ನಾನೂ ನಕ್ಕೆ.

ಒಂದು ದಿನ ಮೈಕಿನ ಪಟ್ಟಿಯನ್ನು ಕತ್ತಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದಳು. ನಾನು ಎದ್ದು ಹೋದೆ.

"ಅಕ್ಕಾರ, ಈ ಪಟ್ಟಿ ಭಾಳ ಬಿಗಿ ಆಗ್ತದ್ರೀ. ಕುತಿಗಿಗೆ ಒತ್ತಿಧಾಂಗ ಆಗಿ ಉಗುಳು ನುಂಗಲಿಕ್ಕೂ ಬರವಲ್ದು" ಎಂದಳು.

"ಪಟ್ಟಿ ಬಿಗಿ ಆಗಿಲ್ಲವಾ, ನಿನಗ ಮೈ ಬಂದದ. ಹಾಕ್ಕೊಂಡು ಸುಮ್ನ ಕೆಲಸ ಮಾಡು" ಎಂದೆ ನಾನು.

ತನ್ನ ಊರ ಕಡೆಯವಳೆಂದು ಸೂಪರ್‌ವೈಸರ್ ಸಲಿಗೆ ಕೊಡುತ್ತಾಳೆ ಎಂಬ ಮಾತು ಬಂದೀತೆಂಬ ಹೆದರಿಕೆ ನನಗೆ. ಬೇರೆಯವಳಾಗಿದ್ದರೆ ಒಂದು ವಾರ ಸುಧಾರಿಸಿಕೊಳ್ಳಲು ಬಿಡುತ್ತಿದ್ದೆನೇನೋ. ಸುಲೋಚನಾ ಕನ್ನಡದವಳೆಂದೇ ಬಿಡಲಿಲ್ಲ. ಸ್ಟಾಪ್‌ವಾಚ್ ಒತ್ತಿದೆ. ಹದಿನಾಲ್ಕು ಸೆಕೆಂಡು. ಅದೇ ದಿನ ಮೆಮೊ ಬರೆದೆ: "ಕರ್ತವ್ಯದಲ್ಲಿ ತೂಕಡಿಕೆ, ಉತ್ತರ ಕೊಡಲು ಹದಿನಾಲ್ಕು ಸೆಕೆಂಡು, ಕೆಲಸದಲ್ಲಿ ಆಸಕ್ತಿ ಇಲ್ಲ." ಅದರ ನಕಲು ಅವಳ ಕಡತಕ್ಕೆ ಸೇರಿತು.

ಇದಾದ ಹತ್ತು ಹನ್ನೆರಡು ದಿನಕ್ಕೆ ಲೈನು ಕೇಳುತ್ತಿದ್ದಾಗ ಒಂದು ಗಂಡು ದನಿ ಕಿವಿಗೆ ಬಿತ್ತು. ದಪ್ಪಗೆ, ಎಳೆದು ಎಳೆದು ಆಡುವ ದನಿ. ಆಚೆಯ ಗಿರಾಕಿ ಅದನ್ನು "ಭಾಯಿ" ಎಂದು ಕರೆಯುತ್ತಿದ್ದ. ರಾತ್ರಿ ಪಾಳಿಯ ಗಂಡಸು ಯಾರೋ ಹಗಲು ಬಂದು ಕೂತಿದ್ದಾನೆ ಎಂದುಕೊಂಡು ತಲೆಯೆತ್ತಿ ನೋಡಿದೆ. ಸುಲೋಚನಾ! ಹತ್ತು ವರ್ಷ ದನಿ ಕೇಳುವುದನ್ನೇ ಕೆಲಸ ಮಾಡಿಕೊಂಡವಳು ನಾನು. ನಿದ್ದೆಗಣ್ಣಿನ ದನಿ ಗೊತ್ತು, ಅತ್ತು ಬಂದ ದನಿ ಗೊತ್ತು, ಸೋಮಾರಿಯ ದನಿಯಂತೂ ಚೆನ್ನಾಗಿಯೇ ಗೊತ್ತು. ಇದು ಅದಾವುದೂ ಆಗಿರಲಿಲ್ಲ.

ಇಲಾಖೆ ನೇಮಿಸಿದ ಡಾಕ್ಟರ ಬಳಿಗೆ ನಾನೇ ಕರೆದುಕೊಂಡು ಹೋದೆ. ಆದರೆ ನಮ್ಮ ಪದ್ಧತಿ ಹೇಗೆಂದರೆ, ರೋಗಿ ಹೋಗುವ ಮೊದಲೇ ಕಚೇರಿಯಿಂದ ಅವಳ ಕಾಗದ ಹೋಗಿರುತ್ತದೆ. ಡಾಕ್ಟರು ಮೊದಲು ನೋಡಿದ್ದು ನನ್ನ ಮೆಮೊ. ಆಮೇಲೆ ಅವಳ ಮುಖ ನೋಡಿ, "ತುಪ್ಪ ಕಡಿಮೆ ಮಾಡಿ, ನಡೆದಾಡಿ" ಎಂದು ಟಾನಿಕ್ ಬರೆದರು. ಎರಡನೆಯ ಸಲ ಹೋದಾಗ ಸುಲೋಚನಾ ಅತ್ತುಬಿಟ್ಟಳು. ಅತ್ತಿದ್ದಕ್ಕೆ ಚೀಟಿಯಲ್ಲಿ "ಹಿಸ್ಟೀರಿಯಾ" ಎಂಬ ಶಬ್ದ ಬಿತ್ತು. ದೊಡ್ಡಾಸ್ಪತ್ರೆಗೆ ಹೋದೆವು; ಅಲ್ಲಿಯವರು ಆ ಚೀಟಿಯನ್ನೇ ಓದಿ, ಮನಸ್ಸಿಗೆ ವಿಶ್ರಾಂತಿ ಬೇಕೆಂದು ನಿದ್ದೆ ಬರಿಸುವ ಮಾತ್ರೆ ಕೊಟ್ಟರು. ಸೂರತ್ತಿನಲ್ಲಿ ಗುರುರಾಜನ ಪರಿಚಯದ ಡಾಕ್ಟರೊಬ್ಬರು ಇನ್ನೊಂದು ಮಗುವಾದರೆ ಎಲ್ಲ ಸರಿಹೋಗುತ್ತದೆ ಎಂದರಂತೆ. ಮೂರು ಕಡೆ ಮೂರು ಮಾತು. ಯಾರೊಬ್ಬರೂ ಅವಳ ಕತ್ತಿನ ಮೇಲೆ ಬೆರಳಿಡಲಿಲ್ಲ.

ಆಗಸ್ಟಿನಲ್ಲಿ ಮೇಲಿನಿಂದ ಆದೇಶ ಬಂತು. ಇನ್ನು ಐದು ವಾರಕ್ಕೆ ಮೆಡಿಕಲ್ ಬೋರ್ಡು. ಅಂದರೆ ಮೂವರು ಡಾಕ್ಟರು ಕೂತು ನೌಕರಿಯಲ್ಲಿರುವವಳು ಕೆಲಸಕ್ಕೆ ಯೋಗ್ಯಳೋ ಅಲ್ಲವೋ ಎಂದು ತೀರ್ಮಾನಿಸುವುದು. ಮನೋವ್ಯಾಧಿಯಿಂದ ಅಯೋಗ್ಯಳು ಎಂದು ಬರೆದರೆ ಮುಗಿಯಿತು. ನೌಕರಿಯೂ ಹೋಯಿತು, ಹೆಸರೂ ಹೋಯಿತು. ಅದಕ್ಕಿಂತ ಭಯಂಕರವಾದ ಸುದ್ದಿಯನ್ನು ಗುರುರಾಜ ಒಂದು ಬೆಳಿಗ್ಗೆ ಎಕ್ಸ್‌ಚೇಂಜಿನ ಬಾಗಿಲಿಗೆ ಬಂದು ಹೇಳಿದ.

"ಅಕ್ಕಾರ, ಆ ಗುಳಿಗಿ ತೊಗೊಂಡ್ರ ಎಬ್ಬಿಸಿದ್ರೂ ಏಳವಲ್ಲಳ್ರೀ. ನಿನ್ನೆ ಮಧ್ಯಾಹ್ನ ಹನ್ನೆರಡಕ್ಕ ಕಣ್ಣ ತೆರದಳು. ಮೈ ಮುಟ್ಟಿದ್ರ ತಣ್ಣಗ. ಮಗಳು ತನ್ನ ಅವ್ವನ ದನಿ ಕೇಳಿ ಹೆದರಿ ಬಾಜೂ ಮನಿಗೆ ಓಡಿ ಹೋಗ್ತಾಳ."

ಆ ಮಾತ್ರೆ ನಿಲ್ಲಿಸು ಎಂದು ಹೇಳಲು ನಾನೇನು ಡಾಕ್ಟರೇ?

ಅಹಮದಾಬಾದಿನ ಹಿರಿಯ ಫಿಜಿಷಿಯನ್ ಒಬ್ಬರು ಶನಿವಾರಕ್ಕೊಮ್ಮೆ ಬರೋಡಾಕ್ಕೆ ಬಂದು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಕೂರುತ್ತಿದ್ದರು. ಆದರೆ ಬೇರೆ ಡಾಕ್ಟರ ಪತ್ರವಿಲ್ಲದೆ ಅಲ್ಲಿ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಪತ್ರ ಕೇಳಲು ನಮ್ಮ ಇಲಾಖೆಯ ಡಾಕ್ಟರ ಬಳಿ ಹೋದೆ. "ಟೆಲಿಫೋನಿನವರು ನನಗೆ ಡಾಕ್ಟರಿಕೆ ಕಲಿಸುವುದು ಬೇಡ. ನೀವೇ ಬರೆದಿದ್ದೀರಲ್ಲ, ತೂಕಡಿಸುತ್ತಾಳೆ ಅಂತ?" ಎಂದರು. ಬರಿಗೈಲಿ ಹೊರಬಿದ್ದೆ.

ದಾರಿಯಲ್ಲಿ ಒಂದು ಸಂಗತಿ ಹೊಳೆಯಿತು. ಆ ಫಿಜಿಷಿಯನ್ನರ ತಾಯಿ ಇದ್ದುದು ಸೂರತ್ತಿನಲ್ಲಿ. ಪ್ರತಿ ಶನಿವಾರ ಮಧ್ಯಾಹ್ನ ಒಂದು ಗಂಟೆಗೆ ಅವರು ಕ್ಲಿನಿಕ್ಕಿನಿಂದ ತಾಯಿಗೆ ಟ್ರಂಕ್ ಕಾಲ್ ಬುಕ್ ಮಾಡುತ್ತಿದ್ದರು. ಆ ಟಿಕೆಟ್ ನಮ್ಮ ಬೋರ್ಡಿಗೇ ಬರುತ್ತಿತ್ತು.

ಸುಲೋಚನಾಳನ್ನು ಆಗಲೇ ಬೋರ್ಡಿನಿಂದ ಎಬ್ಬಿಸಿ ಟಿಕೆಟ್ ಜೋಡಿಸುವ ಕೆಲಸಕ್ಕೆ ಹಾಕಿದ್ದರು. ಆ ಶನಿವಾರ ಹನ್ನೆರಡೂ ಮುಕ್ಕಾಲಿಗೆ ನಾನೇ ಅವಳನ್ನು ಸೂರತ್ ಲೈನಿನ ಮುಂದೆ ಕೂರಿಸಿದೆ. ಏಕೆಂದು ಹೇಳಲಿಲ್ಲ, ಹೇಳಿದ್ದರೆ ಹೆದರಿ ಕೂರುತ್ತಿರಲಿಲ್ಲ. ನಾನು ನನ್ನ ಮೇಜಿನಿಂದ ಲೈನು ಕೇಳುತ್ತ ಕೂತೆ.

"ಸೂರತ್... ಲೈನ್... ಸಿಕ್ಕಿದೆ. ಮಾತಾಡಿ."

ಆಚೆ ಕಡೆಯಿಂದ ಮುದುಕಿ "ಅಲೊ, ಅಲೊ" ಎನ್ನುತ್ತಿದ್ದರು. ಡಾಕ್ಟರು ಕೇಳಿದ್ದು ಆಪರೇಟರನ್ನು: "ಈಗ ಹೇಳಿದವರು ಯಾರು? ಬೇನ್, ಇನ್ನೊಮ್ಮೆ ಹೇಳಿ."

ಗುಜರಾತಿನಲ್ಲಿ ಬೇನ್ ಎಂದರೆ ಅಕ್ಕತಂಗಿ. ಗಿರಾಕಿಗಳಿಂದ ಭಾಯಿ ಎನ್ನಿಸಿಕೊಂಡಿದ್ದವಳನ್ನು ಅವರೊಬ್ಬರು ಹೆಂಗಸೆಂದು ಗುರುತಿಸಿದ್ದರು. ಆದರೆ ಗಿರಾಕಿಯೊಂದಿಗೆ ಆಪರೇಟರ್ ಒಂದು ಮಾತು ಹೆಚ್ಚು ಆಡುವಂತಿಲ್ಲ. ಅದೂ ನಾನೇ ಕಟ್ಟುನಿಟ್ಟಾಗಿ ಕಾಯ್ದ ನಿಯಮ. ಸುಲೋಚನಾ ತುಟಿ ಬಿಗಿದುಕೊಂಡು ನನ್ನತ್ತ ತಿರುಗಿದಳು. ಇನ್ನೊಂದು ಮೆಮೊ ಬಂದೀತೆಂಬ ಹೆದರಿಕೆ ಆ ಊದಿದ ಮುಖದಲ್ಲಿ ಎದ್ದು ಕಾಣುತ್ತಿತ್ತು.

ನಾನು ಕೂತಲ್ಲಿಂದಲೇ ಕೂಗಿದೆ: "ಮಾತಾಡವಾ ಸುಲೂ! ಅವರು ಕೇಳಿದ್ದಕ್ಕೆಲ್ಲಾ ಹೇಳು!"

ಅವರು ಒಂದೊಂದಾಗಿ ಕೇಳಿದರು. ಚಳಿಯಾಗುತ್ತದೆಯೇ? ಹೂಂ. ಮಲಬದ್ಧತೆ? ಹೂಂ. ಹುಬ್ಬಿನ ಹೊರತುದಿಯ ಕೂದಲು ಉದುರಿದೆಯೇ? ಸುಲೋಚನಾ ಹುಬ್ಬು ಮುಟ್ಟಿ ನೋಡಿಕೊಂಡಳು. ಅದೂ ಹೌದು. ಕತ್ತಿನಲ್ಲಿ ಏನಾದರೂ ಬಿಗಿತ? ಅವಳು ಅಳತೊಡಗಿದಳು. ಇದನ್ನೆಲ್ಲ ಕೇಳುತ್ತಿದ್ದ ಸೂರತ್ತಿನ ಆ ಮುದುಕಿ ಆಗ ಬಾಯಿ ಹಾಕಿದರು: "ದೀಕ್ರಾ, ನನ್ನ ಜತೆ ಆಮೇಲೆ ಮಾತಾಡುವೆಯಂತೆ. ಮೊದಲು ಆ ಮಗುವನ್ನು ನೋಡು." ಮಗನನ್ನು ಹಾಗೆ ಕರೆದು ಫೋನಿಟ್ಟೇ ಬಿಟ್ಟರು, ಪುಣ್ಯಾತ್ಗಿತ್ತಿ. ಡಾಕ್ಟರು ನಾಲ್ಕು ಗಂಟೆಗೆ ಕ್ಲಿನಿಕ್ಕಿಗೆ ಬನ್ನಿ ಎಂದರು. ಪತ್ರದ ಸುದ್ದಿ ಎತ್ತಲಿಲ್ಲ.

ನಾಲ್ಕು ಗಂಟೆಗೆ ಅವರು ಮಾಡಿದ ಮೊದಲ ಕೆಲಸ, ಅವಳ ಹಿಂದೆ ನಿಂತು ಎರಡೂ ಕೈಗಳಿಂದ ಕತ್ತು ಮುಟ್ಟಿ ನೋಡಿದ್ದು. ಅಲ್ಲಿ ರಬ್ಬರಿನಂತೆ ಗಟ್ಟಿಯಾದ ಬಾವು ಇತ್ತು. ಆಮೇಲೆ ಕುರ್ಚಿಯ ಮೇಲೆ ಮೊಳಕಾಲೂರಿಸಿ ಹಿಮ್ಮಡಿಯ ನರಕ್ಕೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಪಾದ ಚಿಮ್ಮಿತು, ಆದರೆ ಮೊದಲಿನ ಜಾಗಕ್ಕೆ ಬರಲು ಬಹಳ ಹೊತ್ತು ತೆಗೆದುಕೊಂಡಿತು. ಬೋರ್ಡಿನ ಮುಂದೆ ಅವಳ ಕೈ ಏಳುತ್ತಿದ್ದದ್ದೂ ಹಾಗೆಯೇ.

"ಇದು ಥೈರಾಯ್ಡ್ ಗ್ರಂಥಿ. ಮೈಯ ಕಾವು, ಚುರುಕು ಎಲ್ಲ ಇದರ ರಸದಿಂದ. ರೋಗಾಣು ಬಂದರೆ ಹೋರಾಡುವ ಶಕ್ತಿ ರಕ್ತದಲ್ಲಿ ಇರುತ್ತದಲ್ಲ, ಅದು ದಾರಿತಪ್ಪಿ ತನ್ನದೇ ಗ್ರಂಥಿಯ ಮೇಲೆ ಬಿದ್ದಿದೆ. ಹೀಗೂ ಆಗುತ್ತದೆಂದು ನಮಗೆ ತಿಳಿದೇ ಹತ್ತು ವರ್ಷವಾಗಿದೆಯಷ್ಟೇ. ಇದು ಮನಸ್ಸಿನ ರೋಗವಲ್ಲ" ಎಂದು ಗುರುರಾಜನಿಗೆ ವಿವರಿಸಿದರು. ನಿದ್ದೆ ಮಾತ್ರೆಯನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಿದರು. ಈ ರೋಗ ಇದ್ದವರಿಗೆ ಅಂಥ ಮಾತ್ರೆ ಎಚ್ಚರ ತಪ್ಪಿಸಿ ಜೀವ ತೆಗೆಯಬಲ್ಲದಂತೆ. ಇನ್ನೊಂದು ತಿಂಗಳು ಬಿಟ್ಟು ಬಂದಿದ್ದರೆ ಏನಾಗುತ್ತಿತ್ತೆಂದು ನಾನು ಕೇಳಿದೆ. ಅವರು ರಕ್ತ ತೆಗೆಯಲು ಸೂಜಿ ಸಿದ್ಧಮಾಡತೊಡಗಿದರು.

ರಕ್ತವನ್ನು ಪರೀಕ್ಷೆಗೆ ಮುಂಬಯಿಗೆ ಕಳಿಸಿದರು. ಒಣಗಿಸಿದ ಥೈರಾಯ್ಡಿನಿಂದ ಮಾಡಿದ ಸಣ್ಣ ಮಾತ್ರೆ ಬರೆದು, ದಿನಕ್ಕೆ ಅರ್ಧ ಗ್ರೇನ್ ತೂಕದಿಂದ ಶುರುಮಾಡಿ ನಿಧಾನವಾಗಿ ಏರಿಸಬೇಕು, ಬದುಕಿರುವವರೆಗೆ ಬಿಡಬಾರದು ಎಂದರು.

ಮೆಡಿಕಲ್ ಬೋರ್ಡಿನ ಮುಂದೆ ಫಿಜಿಷಿಯನ್ನರ ಪತ್ರ, ಮುಂಬಯಿಯ ವರದಿ ಎರಡನ್ನೂ ಇಟ್ಟೆವು. ಆದರೂ ಒಬ್ಬ ಸದಸ್ಯರು ನನ್ನ ಮೆಮೊವನ್ನೇ ಎತ್ತಿ ಹಿಡಿದರು. ನಾನು ರಿಜಿಸ್ಟರ್ ಬಿಚ್ಚಿ ತೋರಿಸಿದೆ. ಜನವರಿಯಲ್ಲಿ ನಾಲ್ಕು ಸೆಕೆಂಡು, ಮಾರ್ಚಿನಲ್ಲಿ ಏಳು, ಏಪ್ರಿಲಿನಲ್ಲಿ ಹತ್ತು, ಮೇ ತಿಂಗಳಲ್ಲಿ ಹದಿನಾಲ್ಕು. "ಇದು ರೋಗ ಬೆಳೆದ ಲೆಕ್ಕ. ನಾನು ಇದನ್ನು ಸೋಮಾರಿತನ ಎಂದು ಓದಿದ್ದು ನನ್ನ ತಪ್ಪು" ಎಂದು ಬರೆದು ಸಹಿ ಹಾಕಿದೆ. ಬೋರ್ಡು ಅವಳಿಗೆ ನಾಲ್ಕು ತಿಂಗಳ ಚಿಕಿತ್ಸೆಯ ರಜೆ ಕೊಟ್ಟಿತು. ಗಿರಾಕಿಯ ಲೈನಿನಲ್ಲಿ ಆಪರೇಟರಿಗೆ ಮಾತಾಡಲು ಬಿಟ್ಟೆನೆಂದು ನನಗೆ ಇಲಾಖೆಯ ಎಚ್ಚರಿಕೆ ಪತ್ರ ಬಂತು. ಅದನ್ನು ತೆಗೆದುಕೊಳ್ಳುವಾಗ ನನಗೆ ಒಂದಿಷ್ಟೂ ಬೇಜಾರಾಗಲಿಲ್ಲ.

ಮರುವರ್ಷ ಫೆಬ್ರುವರಿಯಲ್ಲಿ ಸುಲೋಚನಾ ಮತ್ತೆ ಬೋರ್ಡಿಗೆ ಬಂದು ಕೂತಳು. ಮುಖದ ಊತ ಇಳಿದಿತ್ತು. ದನಿ ಪೂರ್ತಿ ಮೊದಲಿನದಲ್ಲ, ಕೊನೆಯಲ್ಲಿ ಒಂದಿಷ್ಟು ಒರಟು ಉಳಿದಿತ್ತು. ಆದರೂ ಅವಳದೇ ದನಿ. ಮಗಳು ಅವ್ವನ ಪಕ್ಕದಲ್ಲೇ ಮಲಗುತ್ತಾಳೆಂದು ಗುರುರಾಜ ಹೇಳಿದ. ಅವಳ ಕಡತದಿಂದ ಆ ಮೆಮೊ ಕಿತ್ತುಹಾಕಿಸಲು ಓಡಾಡಿದೆ. ಕಡತಕ್ಕೆ ಸೇರಿದ ಕಾಗದವನ್ನು ತೆಗೆಯಲು ಬರುವುದಿಲ್ಲ ಎಂದರು. ಅದರ ಹಿಂದೆ ನನ್ನ ತಪ್ಪೊಪ್ಪಿಗೆ ಪಿನ್ನು ಚುಚ್ಚಿಕೊಂಡು ಕೂತಿತು, ಅಷ್ಟೇ.

ಒಂದು ದಿನ ಊಟದ ಹೊತ್ತಿನಲ್ಲಿ ನಾನು ಡಾಕ್ಟರುಗಳನ್ನೆಲ್ಲ ಹಿಗ್ಗಾಮುಗ್ಗಾ ಬೈಯುತ್ತಿದ್ದೆ. ಕೇಳುವ ಕಿವಿಯಿಲ್ಲ, ಮುಟ್ಟುವ ಕೈಯಿಲ್ಲ, ಇವರೆಂಥ ಡಾಕ್ಟರು ಎಂದು. ಸುಲೋಚನಾ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಕೈ ನಿಲ್ಲಿಸಿದಳು.

"ಪಟ್ಟಿ ಬಿಗಿ ಆಗ್ತದಂತ ನಾ ಮೊದಲು ಹೇಳಿದ್ದು ಡಾಕ್ಟರಿಗೆ ಅಲ್ರೀ ಅಕ್ಕಾರ. ನಿಮಗ."

ದನಿಯಲ್ಲಿ ಸಿಟ್ಟಿರಲಿಲ್ಲ. ಹಾಗೆ ಹೇಳಿ, ಎಂದಿನಂತೆ ನನ್ನ ಡಬ್ಬಿಗೆ ಚಟ್ನಿ ಹಾಕಿದಳು.

ಅದಾದ ಮೇಲೆ ಹತ್ತೊಂಬತ್ತು ವರ್ಷ ನೌಕರಿ ಮಾಡಿದೆ. ಸೂರತ್ತಿನಲ್ಲಿ, ಅಹಮದಾಬಾದಿನಲ್ಲಿ, ಕಡೆಗೆ ಮತ್ತೆ ಹುಬ್ಬಳ್ಳಿಯಲ್ಲಿ. ಸ್ಟಾಪ್‌ವಾಚ್ ಬಿಡಲಿಲ್ಲ, ಅದು ಕೆಲಸದ ವಸ್ತು. ಆದರೆ ಯಾವ ಹುಡುಗಿ ಪಟ್ಟಿ ಬಿಗಿ ಎಂದರೂ, ಗಡಿಯಾರವನ್ನು ಮೇಜಿನ ಮೇಲಿಟ್ಟು ಎದ್ದು ಹೋಗಿ, ಆ ಪಟ್ಟಿ ಬಿಚ್ಚಿ, ಅವಳ ಕತ್ತನ್ನು ಕೈಯಿಂದ ಮುಟ್ಟಿ ನೋಡುತ್ತಿದ್ದೆ.