ಗಿರಣಿ ಗೋಡೆಗೆ ಕಲಿತ ಬ್ಯಾಕ್‌ಹ್ಯಾಂಡ್

ನಾನು ಮೂವತ್ತನೇ ವಯಸ್ಸಿನಲ್ಲಿ ಹತ್ತನೇ ತರಗತಿ ಪಾಸಾದವನು. ಟೆನಿಸ್ ಹಿಡಿದದ್ದು ಅದಕ್ಕೂ ತಡವಾಗಿ, ಸಿಂಧನೂರಿನ ಕ್ಲಬ್ಬಿನಲ್ಲಿ. ಒಂದು ಸಂಜೆ ನನ್ನ ಬ್ಯಾಕ್‌ಹ್ಯಾಂಡ್ ಮೂರು ಸಲ ನೆಟ್ಟಿಗೆ ಬಿತ್ತು. ಮಸ್ಕಿಯಿಂದ ಆಡಲು ಬರುತ್ತಿದ್ದ ಗೊಬ್ಬರದಂಗಡಿ ಸಾಹುಕಾರ ಎಲ್ಲರಿಗೂ ಕೇಳುವಂತೆ ಹೇಳಿದ: "ಹತ್ತನೇತ್ತ ಮೂವತ್ತಕ್ಕ ಪಾಸಾಗ್ಯಾನ. ಇಂವಗ ಬ್ಯಾಕ್‌ಹ್ಯಾಂಡ್ ಅರವತ್ತಕ್ಕ ಬರ್ತದ ಬಿಡ್ರಿ!"

ಎಲ್ಲರೂ ನಕ್ಕರು. ಇವನನ್ನು ಸೋಲಿಸದೆ ಬಿಡಬಾರದೆಂದು ಅಂದೇ ನಿಶ್ಚಯಿಸಿದೆ.

ರಾಯಚೂರಿಗೆ ಹೋಗಿ ಕೋಚ್ ಹತ್ತಿರ ಕಲಿ ಎಂದು ಗೆಳೆಯ ಹೇಳಿದ. ನಾನು ಗುಮಾಸ್ತನಾಗಿದ್ದ ಅಕ್ಕಿ ಗಿರಣಿಯ ಗೋಡೆಯನ್ನೇ ಆರಿಸಿಕೊಂಡೆ. ಹಗಲು ಭತ್ತ ಒಣಗಿಸುವ ಸಿಮೆಂಟಿನ ಅಂಗಳ ಸಂಜೆ ಖಾಲಿಯಾಗುತ್ತಿತ್ತು. ಉಳಿದ ಕಾಳುಗಳ ಮೇಲೆ ಬಿದ್ದ ಚೆಂಡು ಎತ್ತೆತ್ತಲೋ ಜಾರುತ್ತಿತ್ತು. ಬೇಕೆಂದೇ ನಾನು ಗುಡಿಸಲಿಲ್ಲ. ಒಂದು ವರ್ಷ ಬರೀ ಬ್ಯಾಕ್‌ಹ್ಯಾಂಡ್. ಗೋಡೆಯ ಮೇಲೆ ಸುಣ್ಣದಿಂದ ಒಂದು ದೊಡ್ಡ ಹೊಟ್ಟೆ ಬರೆದು, ಅದು ಸಾಹುಕಾರನದೆಂದುಕೊಂಡು ಹೊಡೆದೆ.

ಹೋದ ವರ್ಷ ಲಿಂಗಸುಗೂರಿನ ಪಂದ್ಯದಲ್ಲಿ ಅವನೇ ಎದುರಾದ. ಮಣ್ಣಿನ ಅಂಕಣದಲ್ಲಿ ಚೆಂಡು ಹೇಗೆ ಪುಟಿದರೂ ನನಗೆ ಹೊಸದಾಗಿರಲಿಲ್ಲ. ಅವನು ಹಳೆಯ ನಂಬಿಕೆಯಲ್ಲಿ ನನ್ನ ಬ್ಯಾಕ್‌ಹ್ಯಾಂಡಿಗೇ ಹೊಡೆದು ಹೊಡೆದು ಸೋತ. ಸುಲಭದ ಪಾಯಿಂಟುಗಳನ್ನೂ ನಾನು ಬೇಗ ಮುಗಿಸದೆ, ಅವನನ್ನು ಆ ಮೂಲೆಗೂ ಈ ಮೂಲೆಗೂ ಓಡಿಸಿದೆ.

"ಭಾರಿ ಆಡಿದಿ ತಮ್ಮಾ," ಎಂದು ಏದುಸಿರು ಬಿಡುತ್ತ ಕೈ ಚಾಚಿದ.

"ಇನ್ನೊಂದು ಸೆಟ್ ಆಡೂಣು ಬರ್ರಿ ಸಾವ್ಕಾರ್ರ."

"ಮೊಣಕಾಲು ಹಿಡದಾವಪಾ, ಬಿಡು."

ಜನರೆಲ್ಲ ನೋಡುತ್ತಿದ್ದರು. ಚಾಚಿದ ಆ ಕೈಯಲ್ಲಿ ಚೆಂಡು ಇಟ್ಟು, "ಸರ್ವಿಸ್ ನಿಮ್ದರಿ," ಎಂದು ಅಂಕಣದ ನನ್ನ ಬದಿಗೆ ಹೋಗಿ ನಿಂತೆ.