ಆಕಳಿಗೂ ಬೆಡಗು ಕೇಳಿದ ಗುದ್ಲೆಪ್ಪ

ಗುದ್ಲೆಪ್ಪ ತೀರಿಕೊಂಡ ಮೂರನೆಯ ದಿನ ಹಾನಗಲ್ಲಿನ ನಮ್ಮ ಕಚೇರಿಯಲ್ಲಿ ಸಂತಾಪ ಸಭೆ ನಡೆಯಿತು. ಮ್ಯಾನೇಜರ್ ಕುಬೇರಪ್ಪನವರು ಎದ್ದು ನಿಂತು, "ಭಾಳ ಚಲೋ ಟೈಪಿಸ್ಟ್ ಇದ್ರು" ಎಂದರು. ಎರಡು ನಿಮಿಷದ ಮೌನದಲ್ಲಿ ಅವರ ಫೋನು ಎರಡು ಸಲ ಬಡಿದುಕೊಂಡಿತು. ಎರಡನೆಯ ಸಲ ಎತ್ತಿ ಮಾತಾಡಿದರು.

ನಮ್ಮದು ದನಗಳ ತಳಿ ಸುಧಾರಿಸುವ ಖಾಸಗಿ ಸಂಸ್ಥೆ. ಆಕಳು ಬೆದೆಗೆ ಬಂದಿದೆ ಎಂದು ರೈತರು ಫೋನು ಮಾಡಿದರೆ, ಹೋರಿಯ ವೀರ್ಯದ ನಳಿಕೆಗಳಿರುವ ಡಬ್ಬಿ ಕಟ್ಟಿಕೊಂಡು ನಾವು ಬೈಕಿನಲ್ಲಿ ಹೋಗುತ್ತೇವೆ. ಹಳ್ಳಿಗಳಲ್ಲಿ ನಮ್ಮನ್ನು ಡಾಕ್ಟರು ಎನ್ನುತ್ತಾರೆ, ನಾವು ತಿದ್ದುವುದಿಲ್ಲ. ತಿಳವಳ್ಳಿಯ ಗುದ್ಲೆಪ್ಪನೂ ಹೀಗೆಯೇ ತಿರುಗಿದವನು. ಬೈಕಿನಿಂದ ಬಿದ್ದು ಕಾಲು ಮುರಿದ ಮೇಲೆ ಅವನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಹೊತ್ತು ಹೋಗಲೆಂದು ನಾನು ಕಾದಂಬರಿಗಳನ್ನು ಕೊಟ್ಟೆ. "ಇದರಾಗ ಮಂದಿ ಭಾಳ ಅಳ್ತಾರೋ" ಎಂದು ಹಿಂದಿರುಗಿಸಿ, ಡೇಟಾಬೇಸಿನ ಪುಸ್ತಕ ತರಿಸಿಕೊಂಡ.

ನಮ್ಮ ಕಡೆ ಹೆಣ್ಣು ಕೇಳಲು ಬಂದವರು ಮೊದಲು ಬೆಡಗು, ಅಂದರೆ ಗೋತ್ರ, ಕೇಳುತ್ತಾರೆ. ಎರಡೂ ಮನೆಯದು ಒಂದೇ ಬೆಡಗಾದರೆ ಚಹಾ ಕುಡಿದು ಎದ್ದು ಹೋಗುತ್ತಾರೆ. ಆಕಳ ವಿಷಯದಲ್ಲಿ ಇದನ್ನು ಯಾರೂ ಕೇಳುತ್ತಿರಲಿಲ್ಲ. ಒಂದು ಹೋರಿಯ ನಳಿಕೆಯಿಂದ ಹುಟ್ಟಿದ ಹೆಣ್ಣುಗರು ಬೆಳೆದು ಮಣಕವಾದರೆ, ಎರಡು ವರ್ಷದ ಮೇಲೆ ಅದಕ್ಕೂ ಅದೇ ಹೋರಿಯ ನಳಿಕೆ. ಗುದ್ಲೆಪ್ಪನಿಗೆ ಇದು ಹೇಸಿಗೆಯೆನಿಸಿತು. ಡೇಟಾಬೇಸಿನಲ್ಲಿ ಒಂದು ಟ್ರಿಗರ್ ಬರೆದ. ಟ್ರಿಗರ್ ಎಂದರೆ ಹೊಸ ದಾಖಲೆ ಸೇರುವ ಗಳಿಗೆಯಲ್ಲಿ ಯಾರೂ ಹೇಳದೆ ತಾನೇ ಓಡುವ ಸಣ್ಣ ಬರಹ. ನಾವು ಫೋನಿನಲ್ಲಿ ಆಕಳ ಕಿವಿಬಿಲ್ಲೆಯ ನಂಬರು, ನಳಿಕೆಯ ನಂಬರು ಒತ್ತಿದರೆ, ಅದು ಆಕಳ ಅಪ್ಪ ಯಾರೆಂದು ನೋಡಿ, ಅದೇ ಹೋರಿಯಾದರೆ ದಾಖಲೆಯನ್ನು ನಿರಾಕರಿಸುತ್ತಿತ್ತು.

ಆರು ವರ್ಷ ಅದು ಸುಮ್ಮನೆ ಕೆಲಸ ಮಾಡಿತು. ಕುಬೇರಪ್ಪನವರು ಒಂದೇ ಹೋರಿಯ ನಳಿಕೆಗಳನ್ನು ರಾಶಿಗಟ್ಟಲೆ ತರಿಸಿದ ಮೇಲೆ ನಿರಾಕರಣೆಗಳು ಹೆಚ್ಚಿದವು. ತಿಂಗಳ ಟಾರ್ಗೆಟ್ ಬಿತ್ತು. ಬೇರೆ ಹೋರಿಯ ನಳಿಕೆ ತರಿಸಬಹುದೆಂಬುದು ಅವರ ತಲೆಗೆ ಹೊಳೆಯಲಿಲ್ಲ. ಹೊಸ ಸಾಫ್ಟ್‌ವೇರ್ ತರಿಸಬಹುದೆಂಬುದು ಹೊಳೆಯಿತು.

ಹೋದ ವರ್ಷ ಹುಬ್ಬಳ್ಳಿಯಿಂದ ಚನ್ನೇಶ ಎಂಬ ಇಂಜಿನಿಯರ್ ಬಂದ. ಹಳೆಯ ಡೇಟಾಬೇಸನ್ನು ಓದಿ ಹೊಸದನ್ನು ಬರೆಯುವುದು ಅವನ ಎಐ ಏಜೆಂಟ್‌ನ ಕೆಲಸ.

"ನಿನ್ನ ಏಜೆಂಟ್ ಟ್ರಿಗರ್ ಓದೇತೇನಪಾ?" ಎಂದು ಗುದ್ಲೆಪ್ಪ ಕೇಳಿದ.

"ಇಲ್ರಿ ಕಾಕಾ. ಅದಕ್ಕ ದಾಖಲೆ ಅಷ್ಟ ಕಾಣ್ತಾವ. ಟ್ರಿಗರ್‌ದಾಗ ಏನ ಬರದೈತಿ ಅಂತ ತಂದುಕೊಡಾಕ ಒಂದು ಟೂಲ್ ಬ್ಯಾರೆ ಐತ್ರಿ. ಅದನ್ನ ಚಾಲೂ ಮಾಡಿದ್ರ ಏಜೆಂಟ್ ತಾನ ತರಿಸಿಕೊಂಡು ಓದತೈತಿ. ಸಾಹೇಬ್ರ ಸಹಿ ಬೇಕ್ರಿ."

"ನಾ ಚೀಟಿ ಮ್ಯಾಲೆ ಬರದು ಕೊಡ್ತೇನಿ, ಸೇರಸು."

"ಅದಕ್ಕೂ ಸಹಿ ಬೇಕ್ರಿ."

ಗುದ್ಲೆಪ್ಪ ಸಾಹೇಬರ ಕೋಣೆಯೊಳಗೆ ಹೋದ. ಜೊತೆಗೆ ನಾನೂ ಹೋದೆ.

"ಹಳೇ ಮನಿ ಕಸ ಹೊಸ ಮನಿಗೆ ಯಾರರ ಒಯ್ತಾರೇನ್ರಿ?" ಎಂದರು ಕುಬೇರಪ್ಪ.

"ಕಸ ಅಲ್ರಿ ಸಾಹೇಬ್ರ. ಅದಿಲ್ಲಂದ್ರ ಅಪ್ಪಗ ಮಗಳನ್ನ ಕಟ್ಟಿದಂಗ ಆಗತೈತ್ರಿ."

"ಆಕಳಿಗೆ ಲಗ್ನ ಮಾಡಾಕತ್ತೀರೇನು? ಅರ್ಜಿ ಬರದು ಕೊಡ್ರಿ, ನೋಡೋಣು."

ಮೂರು ಅರ್ಜಿ ಕೊಟ್ಟ. ಕುಬೇರಪ್ಪನವರು ನೋಡಲಿಲ್ಲ. ಮೂರನೆಯದನ್ನು ಕೊಟ್ಟ ವಾರವೇ ಅಕ್ಕಿಆಲೂರಿನ ಬಸ್ ನಿಲ್ದಾಣದಲ್ಲಿ ಕೂತಲ್ಲಿಯೇ ಅವನ ಎದೆಬಡಿತ ನಿಂತಿತು. ಹದಿನೈದು ದಿನಕ್ಕೆ ಹೊಸ ವ್ಯವಸ್ಥೆ ಚಾಲೂ ಆಯಿತು. ಅದು ಯಾವುದನ್ನೂ ನಿರಾಕರಿಸಲಿಲ್ಲ. ಟಾರ್ಗೆಟ್ ಮುಟ್ಟಿತು, ಕುಬೇರಪ್ಪನವರು ಪೇಡೆ ಹಂಚಿದರು. ನಾನೂ ತಿಂದೆ.

ಆ ತಿಂಗಳು ಯಲವಿಗಿಯ ಹೊಳೆವ್ವನ ಮಣಕಕ್ಕೆ ನಳಿಕೆ ಹಾಕಿದವನು ನಾನು. ಅದರ ತಾಯಿಗೆ ಹಾಕಿದವನೂ ನಾನೇ, ಅದೇ ಹೋರಿಯದು. ಒಂದು ಗಳಿಗೆ ನಿಂತು ನೆನಪಿಸಿಕೊಂಡಿದ್ದರೆ ಸಾಕಿತ್ತು. ಫೋನು ಹಸಿರು ಗುರುತು ತೋರಿಸಿತು, ಹಾಕಿದೆ. ಒಂಬತ್ತು ತಿಂಗಳ ಮೇಲೆ ಹುಟ್ಟಿದ ಕರು ಎದ್ದು ನಿಲ್ಲಲೇ ಇಲ್ಲ. ನಾಲ್ಕನೆಯ ದಿನ ಸತ್ತಿತು.

"ನೋಡಿ ಹಾಕಿದ್ರೋ ಇಲ್ಲೋ ಡಾಕ್ಟ್ರ?" ಎಂದಳು ಹೊಳೆವ್ವ.

"ಫೋನ್ ಒಪ್ಪಿತ್ತವ್ವ."

"ಫೋನ್ ಒಪ್ಪಿದ್ರ ಆತೇನ್ರಿ? ದಿನಾ ದನಾ ನೋಡಾವ್ರು ನೀವಲ್ಲೇನು?"

ನಿಜವಾದ ಪಶುವೈದ್ಯರು, ತಾಯಿಗೂ ಮಗಳಿಗೂ ಒಂದೇ ಹೋರಿಯಾದದ್ದೇ ಕಾರಣವೆಂದು ಖಚಿತವಾಗಿ ಹೇಳಲಾರೆ, ಅಲ್ಲವೆಂದೂ ಹೇಳಲಾರೆ ಎಂದರು. ಶಿಗ್ಗಾವಿ ಕಡೆಯಿಂದಲೂ ಇಂಥವೇ ಎರಡು ದೂರು ಬಂದವು. ಆಡಳಿತ ಮಂಡಳಿಯವರು ವಿವರ ಕೇಳಿದಾಗ, ಮೂರು ಅರ್ಜಿಗೆ ಸಿಗದ ಸಹಿ ಒಂದು ತಾಸಿನಲ್ಲಿ ಸಿಕ್ಕಿತು. ಚನ್ನೇಶ ಹಳೆಯ ಡೇಟಾಬೇಸಿಗೆ ಆ ಟೂಲ್ ಜೋಡಿಸಿದ. ಅವನು ಚಹಾದ ಕಪ್ಪು ಬಾಯಿಗಿಡುವಷ್ಟರಲ್ಲಿ ಏಜೆಂಟ್ ಗುದ್ಲೆಪ್ಪನ ಬರಹವನ್ನು ತಂದು ಪರದೆಯ ಮೇಲಿಟ್ಟು, ಈ ನಿಯಮ ಹೊಸದರಲ್ಲಿ ಇಲ್ಲ, ಸೇರಿಸಲೇ ಎಂದು ಕೇಳಿತು. ಆ ಕಚೇರಿಯಲ್ಲಿ ಅಷ್ಟು ಸಭ್ಯವಾಗಿ ಗುದ್ಲೆಪ್ಪನ ಮಾತು ಕೇಳಿದ್ದು ಅದೊಂದೇ.

"ನಮ್ಮ ಏಜೆಂಟ್ ಕಂಡು ಹಿಡದೈತ್ರಿ" ಎಂದು ಕುಬೇರಪ್ಪನವರು ಮಂಡಳಿಗೆ ಹೇಳಿದರು.

"ಬರದಾಂವ ಗುದ್ಲೆಪ್ಪ ರೀ. ಮ್ಯಾಲೆ ಹೆಸರ ಐತಿ ನೋಡ್ರಿ" ಎಂದೆ.

ಕುಬೇರಪ್ಪನವರು ನೋಡಿದರು. ಚನ್ನೇಶನ ಕಡೆ ತಿರುಗಿ, "ಸತ್ತವ್ರ ಹೆಸರ ಹೊಸಾದ್ರಾಗ ಬ್ಯಾಡೋ ತಮ್ಮಾ, ಚಲೋ ಅಲ್ಲ. ತಗದ ಬಿಡು" ಎಂದರು.

ಚನ್ನೇಶ ತೆಗೆದ. ನಿಯಮ ಹೊಸದಕ್ಕೆ ಸೇರಿ ಉಳಿಯಿತು. ಮರುದಿನ ಹಿರೇಕೆರೂರಿನ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಅದು ನನ್ನ ನಳಿಕೆಯನ್ನು ನಿರಾಕರಿಸಿತು. ಮನೆಯವರಿಗೆ ಸಂಜೆಯೊಳಗೆ ಬರುತ್ತೇನೆಂದು ಹೇಳಿ, ಬೇರೆ ಹೋರಿಯದನ್ನು ತರಲು ಹಾನಗಲ್ಲಿಗೆ ಬೈಕು ತಿರುಗಿಸಿದೆ.