ಊಟದ ನಂತರದ ಮಾತ್ರೆ

ಇವತ್ತು ಶ್ರಾವಣ ಸೋಮವಾರವೆಂದು ಪಕ್ಕದ ಮನೆಯ ಸೊಸೆ ಸಾಬೂದಾಣಿ ಖಿಚಡಿ ಕೊಟ್ಟು ಹೋದಳು. "ಆರಾಮ ಅದೀರಿಲ್ಲೋ ಅಜ್ಜಾರ?" ಎಂದಳು. "ಆರಾಮ ಅದೀನವಾ" ಎಂದೆ. ಡಬ್ಬಿ ತೆರೆದರೆ ಜೀರಿಗೆ, ಹುರಿದ ಶೇಂಗಾದ ವಾಸನೆ. ನಿಮಗಾದರೆ ಬಾಯಲ್ಲಿ ನೀರೂರಬಹುದು. ನನಗೆ ಇವತ್ತಿಗೂ ತಲೆ ಸುತ್ತಿದಂತಾಗುತ್ತದೆ.

ಅರವತ್ತರ ದಶಕದ ಮಾತು. ನಾನಾಗ ತಿಕೋಟಾದಲ್ಲಿ ಗಣಿತದ ಮಾಸ್ತರ. ಹೆಂಡತಿ ತೀರಿಕೊಂಡಿದ್ದಳು. ಆ ದುಃಖದಲ್ಲಿ ನಾನು ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿಗೆ ಬಂದಾಗ ವಿಜಾಪುರದ ಡಾಕ್ಟರೊಬ್ಬರು, ಮನಸ್ಸಿನ ಬೇನೆಗೆಂದು ಆಗಷ್ಟೇ ಬಂದಿದ್ದ ಹೊಸ ಮಾತ್ರೆ ಬರೆದುಕೊಟ್ಟರು: ದಿನಕ್ಕೆ ಮೂರು, ಊಟದ ನಂತರ. ಕೆಲವು ತಿಂಗಳಲ್ಲಿ ಮತ್ತೆ ಕರಿಹಲಗೆಯ ಮುಂದೆ ನಿಂತೆ. ಆದರೆ ಮಾತ್ರೆಯ ಸುದ್ದಿ ಬಬಲೇಶ್ವರದಲ್ಲಿದ್ದ ಅಣ್ಣನಿಗೂ ಹೇಳಲಿಲ್ಲ. ಹುಚ್ಚ ಮಾಸ್ತರ ಎಂದುಬಿಟ್ಟರೆ? ಸೀಸೆಯನ್ನು ಟ್ರಂಕಿನಲ್ಲಿ ಅಂಗಿಗಳ ಕೆಳಗೆ ಬಚ್ಚಿಟ್ಟಿದ್ದೆ.

ಆ ಶ್ರಾವಣದಲ್ಲಿ ಹೆಂಡತಿಯ ಹೆಸರಲ್ಲಿ ತಿಂಗಳಿಡೀ ಅನ್ನ, ರೊಟ್ಟಿ ಬಿಟ್ಟು ಬರೀ ಸಾಬೂದಾಣಿ, ಶೇಂಗಾದಂಥ ಉಪವಾಸದ ಫರಾಳದಲ್ಲಿರುವ ವ್ರತ ಹಿಡಿದೆ. ಊಟವೇ ಇಲ್ಲವೆಂದ ಮೇಲೆ ಊಟದ ನಂತರದ ಮಾತ್ರೆ ಎಲ್ಲಿಯದು? ಗಣಿತದ ಮಾಸ್ತರನ ಬುದ್ಧಿ ನೋಡಿ! ನಿಜ ಹೇಳಲೇ? ಮಾತ್ರೆಯಿಂದ ಪಾರಾಗಲು ನೆಪ ಬೇಕಿತ್ತು, ಶಿವನ ಹೆಸರಲ್ಲಿ ಸಿಕ್ಕಿತು.

ಮೂರನೆಯ ದಿನಕ್ಕೆ ಹೊಟ್ಟೆ ತೊಳಸಿತು. ಬೆವರು, ತಲೆಸುತ್ತು, ಕಣ್ಣು ಮುಚ್ಚಿದರೆ ಕೆಟ್ಟ ಕನಸು. ಮಗ್ಗಿ ಹೇಳಿಸುತ್ತಲೇ ತರಗತಿಯಲ್ಲಿ ಅತ್ತುಬಿಟ್ಟೆ. ಹಳೆಯ ಬೇನೆ ಮರಳಿತೆಂದೇ ತಿಳಿದೆ. "ಬರೇ ಸಾಬೂದಾಣಿ ತಿಂದ್ರ ಮತ್ತೇನಾಗತೈತ್ರಿ ಮಾಸ್ತರ?" ಎಂದು ನಾನು ಬಾಡಿಗೆಗಿದ್ದ ಮನೆಯ ಒಡತಿ ನೀಲವ್ವ ಗದರಿದಳು. ಅವಳೇ ನನ್ನನ್ನು ಬಸ್ಸು ಹತ್ತಿಸಿಕೊಂಡು ವಿಜಾಪುರಕ್ಕೆ ಕರೆದೊಯ್ದಳು.

ಕಥೆ ಕೇಳಿ ಡಾಕ್ಟರು ಹಣೆ ಹಿಡಿದುಕೊಂಡರು.

"ಗೋಳಗುಮ್ಮಟ ಹತ್ತಿದವ್ರು ಹೆಂಗ ಇಳೀತೀರಿ? ಮೆಟ್ಟಲಾ ಇಳೀತೀರೋ, ಮ್ಯಾಲಿಂದ ಜಿಗೀತೀರೋ? ಗುಳಿಗಿ ಒಮ್ಮಿಗೇ ಬಿಟ್ರ ಹಿಂಗಾಗತೈತಿ. ಈಗ ಮತ್ತ ಚಾಲೂ ಮಾಡ್ರಿ. ಆಮ್ಯಾಲ ನಾ ಹೇಳಿದಂಗ ಒಂದೊಂದ ಕಡಿಮಿ ಮಾಡೂಣು. ನಿಮ್ಮನ್ನ ನೋಡ್ಕೊಳ್ಳಾಕ ಮನ್ಯಾಗ ಯಾರದಾರ?"

"ಯಾರೂ ಇಲ್ರಿ."

ಬಾಗಿಲಲ್ಲಿ ನಿಂತಿದ್ದ ನೀಲವ್ವ ಒಳಗೆ ನುಗ್ಗಿದಳು. "ನಾ ಏನ್ ಸತ್ತೇನೇನ್ರಿ?"

ಅಂದಿನಿಂದ ಸೀಸೆ ಅವಳ ದೇವರ ಜಗಲಿ ಸೇರಿತು. ದಿನವೂ ರೊಟ್ಟಿ ತಿನ್ನಿಸಿ, ಅಂಗೈಗೆ ಮಾತ್ರೆ ಹಾಕಿ, "ಇವತ್ತ ಹೆಂಗದೀರಿ?" ಎಂದು ಕೇಳುತ್ತಿದ್ದಳು. ಆರಾಮ ಎಂದರೆ ಬಿಡುತ್ತಿರಲಿಲ್ಲ. "ಅದು ಊರ ಮಂದಿಗೆ ಹೇಳೂ ಮಾತು. ನನಗ ಖರೇ ಹೇಳ್ರಿ." ಮೂರು ಎರಡಾಯಿತು, ಎರಡು ಒಂದಾಯಿತು. ನಡುವೆ ಮತ್ತೆ ತಲೆಸುತ್ತು ಬಂದಾಗ ಡಾಕ್ಟರು ಒಂದು ಮೆಟ್ಟಿಲು ಹಿಂದಕ್ಕೆ ಹತ್ತಿಸಿದರು. ಸಂಕ್ರಾಂತಿಯ ಹೊತ್ತಿಗೆ ಮಾತ್ರೆ ಪೂರಾ ನಿಂತಿತು.

ಬೇಸಿಗೆಯಲ್ಲಿ ನನಗೆ ವರ್ಗವಾಯಿತು. ಹೊಸ ಊರಿನ ಬಾಡಿಗೆ ಕೋಣೆಯಲ್ಲಿ ಬೆಳಿಗ್ಗೆ ಎದ್ದು ಕೂತರೆ ಹೆಂಗದೀರಿ ಎನ್ನುವವರಿಲ್ಲ. ಮಾತ್ರೆಯನ್ನು ಮೆಟ್ಟಿಲಿಳಿದು ಬಿಟ್ಟಿದ್ದೆ, ಆ ಪ್ರಶ್ನೆಯನ್ನು ಮಾತ್ರ ಒಮ್ಮೆಗೇ ಬಿಡಬೇಕಾಯಿತು. ಆಮೇಲೆ ಯಾರು ಕೇಳಿದರೂ ಆರಾಮ ಎನ್ನುವುದೇ ರೂಢಿಯಾಯಿತು.

ಖಿಚಡಿ ಮುಗಿಸಿ ಡಬ್ಬಿ ತೊಳೆದೆ. ಖಾಲಿ ಕೊಡಬಾರದೆಂದು ನಾಲ್ಕು ಚೂರು ಬೆಲ್ಲ ಹಾಕಿಕೊಂಡು ಪಕ್ಕದ ಮನೆಗೆ ಹೋದೆ.

"ಡಬ್ಬಿ ಕೊಡಾಕ ನೀವ್ಯಾಕ ಬಂದ್ರಿ ಅಜ್ಜಾರ? ನಾನ ಬರ್ತಿದ್ದೆ."

"ಅದಕ್ಕ ಬಂದಿಲ್ಲ, ಅವ್ವಾ. ಆಗ ನೀ ಕೇಳ್ದಾಗ ಆರಾಮ ಅಂದೆ ನೋಡು, ಅದು ಸುಳ್ಳು."

ಅವಳು ಒಳಗಿನಿಂದ ಚಾಪೆ ತಂದು ಹಾಸಿದಳು.